ಬೂಟು ಎತ್ತಿಕೊಂಡು ಬಾ: ಒಂದು ಗೂಢಚಾರಿ ಸಿನಿಮಾದ ಒಳಚರಿತ್ರೆ

1962ರ ಆಗಸ್ಟ್ 6ರಂದು ಜಮೈಕಾ ದ್ವೀಪದಲ್ಲಿ ಇಂಗ್ಲೆಂಡಿನ ಬಾವುಟ ಇಳಿಯಿತು. 1655ರಲ್ಲಿ ಬಂದು 307 ವರ್ಷ ಆಳಿದವರು ಗಂಟುಮೂಟೆ ಕಟ್ಟಿದರು. ಅದಾಗಿ ಎರಡು ತಿಂಗಳಿಗೆ, ಅಕ್ಟೋಬರ್ 5ರಂದು, ಅದೇ ಜಮೈಕಾದಲ್ಲಿ ಕಥೆ ನಡೆಯುವ ‘ಡಾಕ್ಟರ್ ನೋ’ ಅನ್ನೋ ಸಿನಿಮಾ ಲಂಡನ್ನಿನಲ್ಲಿ ಬಿಡುಗಡೆಯಾಯಿತು. ಜೇಮ್ಸ್ ಬಾಂಡ್ ಎಂಬ ಗೂಢಚಾರಿ ಬೆಳ್ಳಿತೆರೆಗೆ ಕಾಲಿಟ್ಟದ್ದು ಹೀಗೆ. ಬಾವುಟ ಬಾಗಿಲಿನಿಂದ ಹೊರಗೆ ಹೋಯಿತು, ಬಾಂಡ್ ಕಿಟಕಿಯಿಂದ ಒಳಗೆ ಬಂದ.

ಈ ಚಿತ್ರವನ್ನು ಸಾಮ್ರಾಜ್ಯಶಾಹಿಯ ಕಸ ಅಂತ ಒಂದೇ ಮಾತಿನಲ್ಲಿ ಬಿಸಾಕಬಹುದು. 1958ರಲ್ಲಿ ಮೂಲ ಕಾದಂಬರಿ ಬಂದಾಗ ಪಾಲ್ ಜಾನ್ಸನ್ ಎಂಬ ವಿಮರ್ಶಕ ಇಂಗ್ಲೆಂಡಿನದೇ ‘ನ್ಯೂ ಸ್ಟೇಟ್ಸ್‌ಮನ್’ ವಾರಪತ್ರಿಕೆಯಲ್ಲಿ ಆ ಕೆಲಸ ಮಾಡಿದ್ದ. ಆದರೆ ಕೋಟಿಗಟ್ಟಲೆ ಜನ ಇಷ್ಟಪಟ್ಟದ್ದನ್ನು ಬಯ್ದು ಮುಗಿಸುವುದರಿಂದ ನಮಗೆ ಏನೂ ದಕ್ಕುವುದಿಲ್ಲ. ಇಷ್ಟಪಟ್ಟವರಲ್ಲಿ ಕರಿಯರಿದ್ದರು, ಕೂಲಿಗಳಿದ್ದರು, ಟೆಂಟಿನಲ್ಲಿ ಗಾಂಧಿ ಕ್ಲಾಸಿನ ನೆಲದ ಮೇಲೆ ಕೂತವರಿದ್ದರು. ತಮ್ಮನ್ನು ಆಳಿದವರ ಬೇಹುಗಾರನಿಗೆ ಆಳಿಸಿಕೊಂಡವರೇ ಯಾಕೆ ಶಿಳ್ಳೆ ಹೊಡೆದರು? ಈ ಪ್ರಶ್ನೆಗೆ ಉತ್ತರ ಹುಡುಕದೆ ನಾವು ಸಂಸ್ಕೃತಿಯ ಬಗ್ಗೆ ಮಾತಾಡುವುದು ಬರೀ ಬಾಯಿಚಪಲ.

1

ಮೊದಲು ಆಕರ್ಷಣೆಯನ್ನೇ ನೋಡೋಣ. ಅದು ಸುಳ್ಳಲ್ಲ.

ಬಾಂಡ್ ಮೊದಲ ಸಲ ಕಾಣಿಸಿಕೊಳ್ಳುವುದು ಒಂದು ಜೂಜಿನ ಮೇಜಿನ ಮುಂದೆ. ಅವನ ಕೈ ತೋರಿಸುತ್ತಾರೆ, ಬೆನ್ನು ತೋರಿಸುತ್ತಾರೆ, ಮುಖ ತೋರಿಸುವುದಿಲ್ಲ. ಎದುರಿಗಿರುವ ಹೆಂಗಸು ಹೆಸರು ಕೇಳಿದ ಮೇಲೆ ಸಿಗರೇಟು ಹಚ್ಚುತ್ತಾ, ಯಾವ ಅವಸರವೂ ಇಲ್ಲದೆ, ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಾನೆ. ಇಷ್ಟೇ. ಆದರೆ ಇದು ಸಣ್ಣ ವಿಷಯವೇ? ‘ಲೇ’ ಅಂತ ಕರೆಸಿಕೊಂಡು ಬೆಳೆದ ಹುಡುಗನಿಗೆ, ಅಪ್ಪನ ಹೆಸರನ್ನು ಊರಿನವರು ಮುರಿದು ಅರ್ಧ ಮಾಡಿ ಕೂಗುವುದನ್ನು ದಿನಾ ಕೇಳಿದ ಹುಡುಗನಿಗೆ, ಒಬ್ಬ ಮನುಷ್ಯ ತನ್ನ ಪೂರ್ತಿ ಹೆಸರನ್ನು ನಾಲ್ಕು ಜನರೆದುರು ಗತ್ತಿನಿಂದ ಹೇಳುವುದನ್ನು ನೋಡುವುದೇ ಒಂದು ಹಬ್ಬ.

ಎರಡನೆಯದು, ಅವನಿಗೆ ಹಿಂದುಮುಂದಿಲ್ಲ. ಈ ಚಿತ್ರದಲ್ಲಿ ಅವನಿಗೆ ಅಪ್ಪ ಅಮ್ಮ ಇಲ್ಲ, ಕುಲ ಇಲ್ಲ, ಇರುವುದು 007 ಎಂಬ ನಂಬರು. ಯಾವ ಹೋಟೆಲಿಗೂ ನುಗ್ಗುತ್ತಾನೆ, ಯಾವ ಲೋಟದಲ್ಲೂ ಕುಡಿಯುತ್ತಾನೆ. ನಿಮ್ಮ ಲೋಟ ಹೊರಗೆ ಗೂಟದಲ್ಲಿ ನೇತುಹಾಕಿದೆ ನೋಡಿ ಅಂತ ಅವನಿಗೆ ಹೇಳುವವರಿಲ್ಲ.

ಮೂರನೆಯದು, ಅವನ ಎಚ್ಚರ. ಹೋಟೆಲ್ ರೂಮಿನಿಂದ ಹೊರಡುವಾಗ ತಲೆಯಿಂದ ಒಂದು ಕೂದಲು ಕಿತ್ತು ಎಂಜಲು ಹಚ್ಚಿ ಬೀರುವಿನ ಬಾಗಿಲಿಗೆ ಅಂಟಿಸುತ್ತಾನೆ. ಪೆಟ್ಟಿಗೆಯ ಬೀಗದ ಮೇಲೆ ಪೌಡರು ಉದುರಿಸುತ್ತಾನೆ. ವಾಪಸು ಬಂದು ನೋಡಿದರೆ ಯಾರೋ ಕೈಯಾಡಿಸಿದ್ದಾರೆ ಅಂತ ಗೊತ್ತಾಗುತ್ತದೆ. ಇಲ್ಲಿ ಯಂತ್ರವಿಲ್ಲ, ಮಂತ್ರವಿಲ್ಲ, ದೇವರಿಲ್ಲ. ಒಂದು ಕೂದಲು, ಒಂದು ಚಿಟಿಕೆ ಪೌಡರು, ತಲೆಯೊಳಗಿನ ಬುದ್ಧಿ. ರಾತ್ರಿ ಹಾಸಿಗೆಯಲ್ಲಿ ವಿಷದ ಜೇಡ ಅವನ ಮೈಮೇಲೆ ಹತ್ತಿಬರುವಾಗ ಬೆವರು ಸುರಿಯುತ್ತದೆ, ಉಸಿರು ಬಿಗಿಹಿಡಿಯುತ್ತಾನೆ. ಅವನೂ ಹೆದರುತ್ತಾನೆ, ಆದರೆ ಹೆದರಿಕೆಯನ್ನು ಗೆಲ್ಲುತ್ತಾನೆ. ಇದನ್ನು ಮೆಚ್ಚಿದ ಜನ ದಡ್ಡರಲ್ಲ. ತಮ್ಮ ಬದುಕಿನಲ್ಲಿ ಸಿಗದೇ ಇದ್ದದ್ದನ್ನೇ ಅವರು ಮೆಚ್ಚಿದರು.

2

ಆದರೆ ಈ ಬಾಗಿಲುಗಳು ಅವನಿಗೆ ಯಾಕೆ ತೆರೆದುಕೊಂಡವು? ಇಲ್ಲಿಂದ ಚರಿತ್ರೆ ಶುರು.

ಬಾಂಡ್‌ನನ್ನು ಹುಟ್ಟಿಸಿದ ಇಯಾನ್ ಫ್ಲೆಮಿಂಗ್ ದೊಡ್ಡ ಬ್ಯಾಂಕರ್ ಒಬ್ಬನ ಮೊಮ್ಮಗ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ನೌಕಾಪಡೆಯ ಬೇಹು ವಿಭಾಗದಲ್ಲಿದ್ದವನು. ಯುದ್ಧ ಮುಗಿದ ಮೇಲೆ ಜಮೈಕಾದ ಒರಾಕಬೆಸ್ಸ ಎಂಬಲ್ಲಿ ಸಮುದ್ರದ ದಂಡೆಯ ಜಮೀನು ಕೊಂಡು ‘ಗೋಲ್ಡನ್‌ಐ’ ಎಂಬ ಮನೆ ಕಟ್ಟಿಸಿದ. 1952ರಿಂದ ಪ್ರತಿ ಚಳಿಗಾಲ ಅಲ್ಲಿಗೆ ಬಂದು ಬಾಂಡ್ ಕಾದಂಬರಿಗಳನ್ನು ಬರೆದ. 1956ರಲ್ಲಿ ಈಜಿಪ್ಟಿನ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದಾಗ ಇಂಗ್ಲೆಂಡ್ ಸೈನ್ಯ ನುಗ್ಗಿಸಿ, ಅಮೆರಿಕ ಗದರಿಸಿದ ಕೂಡಲೇ ಬಾಲ ಮುದುರಿಕೊಂಡು ಹಿಂದಕ್ಕೆ ಬಂತಲ್ಲ, ಆ ಅವಮಾನದಲ್ಲಿ ಆರೋಗ್ಯ ಕೆಟ್ಟ ಪ್ರಧಾನಿ ಆಂಥನಿ ಈಡನ್ ಸುಧಾರಿಸಿಕೊಳ್ಳಲು ಬಂದಿಳಿದದ್ದು ಇದೇ ಮನೆಗೆ. ಸಾಮ್ರಾಜ್ಯ ನಿಜವಾಗಿ ಸೋತು ಮಲಗಿದ ಮನೆಯಲ್ಲೇ ಸಾಮ್ರಾಜ್ಯ ಗೆಲ್ಲುವ ಕಥೆಗಳು ತಯಾರಾಗುತ್ತಿದ್ದವು. ನಿಜದಲ್ಲಿ ಕಳಕೊಂಡದ್ದನ್ನು ಕಥೆಯಲ್ಲಿ ವಸೂಲಿ ಮಾಡುವುದು ಧಣಿಗಳ ಹಳೇ ಚಾಳಿ. ಜಮೀನು ಹೋದ ಗೌಡ ಜಗಲಿ ಮೇಲೆ ಕೂತು ತಾತನ ಕಾಲದ ದರ್ಬಾರು ಹೇಳುವುದಿಲ್ಲವೇ, ಹಾಗೆ.

ಆ ಜಗಲಿಯ ಆಚೆಗಿನ ಜಮೈಕಾ ಎಂಥದು? ಕಬ್ಬಿನ ಗದ್ದೆಗಳಿಗೆ ಆಫ್ರಿಕಾದಿಂದ ಸರಪಳಿ ಹಾಕಿ ತಂದ ಜನರ ನಾಡು. 1834ರಲ್ಲಿ ಗುಲಾಮಗಿರಿ ರದ್ದಾಯಿತು ಅಂದರು, ನಿಜವಾದ ಬಿಡುಗಡೆ ಸಿಕ್ಕಿದ್ದು 1838ಕ್ಕೆ. ಇಂಗ್ಲೆಂಡ್ ತನ್ನ ವಸಾಹತುಗಳ ಗುಲಾಮಗಿರಿ ತೆಗೆಯಲು 2 ಕೋಟಿ ಪೌಂಡು ಪರಿಹಾರ ಕೊಟ್ಟಿತು. ಕೊಟ್ಟದ್ದು ಗುಲಾಮರಿಗಲ್ಲ, ಗುಲಾಮರ ಯಜಮಾನರಿಗೆ. ಕರಿಯರು ಗದ್ದೆ ಬಿಟ್ಟಾಗ ಆ ಜಾಗಕ್ಕೆ 1845ರಿಂದ ಇಂಡಿಯಾದ ಕೂಲಿಗಳನ್ನು ಕರಾರಿನ ಮೇಲೆ ಹಡಗಿನಲ್ಲಿ ತುಂಬಿಸಿ ಒಯ್ದರು. ಜಮೈಕಾ ಒಂದಕ್ಕೇ ಹೋದವರು ಸುಮಾರು 36,000 ಜನ. ಚೀನಾದ ಕೂಲಿಗಳೂ ಹಾಗೇ ಬಂದರು.

ನೀರಿನ ಕಥೆಯೊಂದನ್ನು ಇಲ್ಲೇ ಹೇಳಬೇಕು. ಕಿಂಗ್‌ಸ್ಟನ್ ಪಟ್ಟಣದ ಮಿರ್ಟಲ್ ಬ್ಯಾಂಕ್ ಎಂಬ ದೊಡ್ಡ ಹೋಟೆಲಿನ ಈಜುಕೊಳಕ್ಕೆ ಕರಿಯರು ಇಳಿಯುವಂತಿರಲಿಲ್ಲ. 1948ರಲ್ಲಿ ಈವನ್ ಬ್ಲೇಕ್ ಎಂಬ ಕರಿಯ ಪತ್ರಕರ್ತ ಹೋಗಿ ಅದಕ್ಕೆ ಧುಮುಕಿಯೇಬಿಟ್ಟ. ಬಿಳಿಯರು ದಡಬಡ ಎದ್ದು ಹೊರಗೆ ಬಂದರು. ಆಮೇಲೆ ಕೊಳದ ನೀರನ್ನು ಖಾಲಿ ಮಾಡಿಸಿದರು. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಅಂಬೇಡ್ಕರರೂ ಅವರ ಜನರೂ ಮುಟ್ಟಿದ ಮೇಲೆ ಸವರ್ಣೀಯರು ಸಗಣಿ ಗಂಜಲ ಹಾಕಿ ಕೆರೆಯನ್ನು ‘ಶುದ್ಧಿ’ ಮಾಡಿದ್ದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಂಡ್‌ಗೆ ತೆರೆದುಕೊಂಡ ಹೋಟೆಲ್ಲು, ಕ್ಲಬ್ಬು, ಕಡಲದಂಡೆಗಳ ಇನ್ನೊಂದು ಮುಖ ಇದು. ಅವನ ‘ಕುಲವಿಲ್ಲದ ಸ್ವಾತಂತ್ರ್ಯ’ಕ್ಕೆ ಅವನ ತೊಗಲೇ ಪಾಸ್‌ಪೋರ್ಟು.

3

ಈಗ ಕ್ವಾರೆಲ್ ಹತ್ತಿರ ಬರೋಣ. ಈ ಚಿತ್ರದಲ್ಲಿ ನಮ್ಮವನು ಅಂತ ಯಾರಾದರೂ ಇದ್ದರೆ ಇವನೇ.

ಕ್ವಾರೆಲ್ ದೋಣಿ ನಡೆಸುವ ಕರಿಯ. ಗಟ್ಟಿಮುಟ್ಟಾದ ಆಳು, ಸಮುದ್ರವನ್ನು ಅಂಗೈ ಗೆರೆಯ ಹಾಗೆ ಬಲ್ಲವನು. ಬಾಂಡ್‌ನ ಫೋಟೋ ತೆಗೆಯಲು ಬಂದ ಹುಡುಗಿಯನ್ನು ಹಿಡಿದು ಕೈ ತಿರುಚುವವನು ಕ್ವಾರೆಲ್. ಅವಳು ಒಡೆದ ಬಲ್ಬಿನಿಂದ ಗೀರುವುದು ಕ್ವಾರೆಲ್ ಕೆನ್ನೆಯನ್ನು. ಬಾಂಡ್‌ನ ಸೂಟಿಗೆ ಕಲೆಯಾಗುವುದಿಲ್ಲ. ಕ್ರ್ಯಾಬ್ ಕೀ ಎಂಬ ದ್ವೀಪದಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಇದೆ ಅಂತ ಕ್ವಾರೆಲ್ ಹೆದರುತ್ತಾನೆ, ಹೆದರಿಕೆ ಮರೆಯಲು ರಮ್ ಕುಡಿಯುತ್ತಾನೆ. ಬಾಂಡ್ ನಗುತ್ತಾನೆ. ಕರಿಯನ ಮೂಢನಂಬಿಕೆಗೆ ಬಿಳಿಯನ ವಿಚಾರವಾದ ಬುದ್ಧಿ ಹೇಳುತ್ತದೆ.

ಆ ದ್ವೀಪದ ದಂಡೆಯಲ್ಲಿ ಬಾಂಡ್ ಒಂದು ಮಾತು ಹೇಳುತ್ತಾನೆ: ನನ್ನ ಬೂಟು ತಗೊಂಡು ಬಾ. ಸಿಟ್ಟಿನಿಂದ ಹೇಳುವುದಿಲ್ಲ, ಹೀನಾಯ ಮಾಡಬೇಕು ಅಂತಲೂ ಹೇಳುವುದಿಲ್ಲ. ಉಸಿರಾಡಿದ ಹಾಗೆ ಹೇಳುತ್ತಾನೆ. ಕ್ವಾರೆಲ್ ತರುತ್ತಾನೆ. ಇಡೀ ಚಿತ್ರದಲ್ಲಿ ಇದು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತಿನ ಮಾತು. ಎಷ್ಟೋ ಜನಕ್ಕೆ ಕೇಳಿಸಿರುವುದೇ ಇಲ್ಲ. ನಮಗೆ ಕೇಳಿಸುತ್ತದೆ. ಕೆರ ಹೊಲಿದು ಕೊಟ್ಟವನು ಮೇಲುಕೇರಿಯಲ್ಲಿ ಕೆರ ಮೆಟ್ಟಿ ನಡೆಯುವಂತಿಲ್ಲ, ಕೈಯಲ್ಲಿ ಹಿಡಿದು ದಾಟಬೇಕು ಎಂಬ ಕಟ್ಟಳೆ ಇದ್ದ ನಾಡಿನವರು ನಾವು. ಬೂಟಿನ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ. ಅಪಮಾನ ಅಂದರೆ ಯಾವಾಗಲೂ ಬೈಗುಳವೇ ಆಗಿರಬೇಕಾಗಿಲ್ಲ. ಹೇಳುವವನಿಗೂ ಕೇಳುವವನಿಗೂ ಸಹಜ ಅನ್ನಿಸುವಷ್ಟು ಅದು ರೂಢಿಯಾಗಿರುತ್ತದಲ್ಲ, ಅದೇ ಭಯಂಕರ.

ಡ್ರ್ಯಾಗನ್ ಅಂದರೆ ಉಕ್ಕಿನ ಗಾಡಿಗೆ ಬೆಂಕಿ ಕಾರುವ ಕೊಳವೆ ಕಟ್ಟಿದ ಯಂತ್ರ ಅಂತ ಆಮೇಲೆ ಗೊತ್ತಾಗುತ್ತದೆ. ಅಂದರೆ ಕ್ವಾರೆಲ್ ಹೆದರಿದ್ದು ಸರಿಯಾಗೇ ಇತ್ತು! ಹೆಸರು ತಪ್ಪಿರಬಹುದು, ಬೆಂಕಿ ಸುಳ್ಳಾಗಿರಲಿಲ್ಲ. ಆ ಬೆಂಕಿಯಲ್ಲಿ ಸುಟ್ಟು ಸಾಯುವವನು ಕ್ವಾರೆಲ್ ಒಬ್ಬನೇ. ಬಾಂಡ್ ಆಮೇಲೆ ಖಳನಾಯಕನ ಊಟದ ಮೇಜಿನಲ್ಲಿ ಸೇಡಿನ ಮಾತಾಡುವಾಗ ಸತ್ತ ಬಿಳಿಯ ಅಧಿಕಾರಿಯ ಹೆಸರಿನ ಜೊತೆ ಕ್ವಾರೆಲ್ ಹೆಸರನ್ನೂ ಹೇಳುತ್ತಾನೆ, ಇಲ್ಲ ಅನ್ನುವುದಿಲ್ಲ. ಆದರೆ ಚಿತ್ರ ಮುಗಿಯುವುದು ದೋಣಿಯೊಳಗಿನ ಚುಂಬನದಲ್ಲಿ. ಆ ನೀರಿನಲ್ಲಿ ದಾರಿ ತೋರಿಸಿದವನು ಎಲ್ಲೂ ಇಲ್ಲ.

ಕಥೆ ಇಷ್ಟಕ್ಕೇ ಮುಗಿಯಲಿಲ್ಲ. 1973ರಲ್ಲಿ ‘ಲಿವ್ ಅಂಡ್ ಲೆಟ್ ಡೈ’ ಎಂಬ ಬಾಂಡ್ ಚಿತ್ರ ಬಂತು. ಅದರಲ್ಲಿ ಬಾಂಡ್‌ನ ದೋಣಿ ನಡೆಸುವವನು ಯಾರು? ಕ್ವಾರೆಲ್‌ನ ಮಗ, ಕ್ವಾರೆಲ್ ಜೂನಿಯರ್. ಅಪ್ಪ ದೋಣಿ ನಡೆಸಿ ಸತ್ತ, ಮಗ ಅದೇ ಧಣಿಗೆ ದೋಣಿ ನಡೆಸಲು ಬಂದ. ಹನ್ನೊಂದು ವರ್ಷದಲ್ಲಿ ಬಾಂಡ್ ಪಾತ್ರ ಮಾಡುವ ನಟ ಬದಲಾದ, ಕಾರು ಬದಲಾಯಿತು, ಸೂಟು ಬದಲಾಯಿತು. ಆಳಿನ ಮಗ ಆಳಾಗುವುದು ಮಾತ್ರ ಬದಲಾಗಲಿಲ್ಲ. ಮನುಧರ್ಮ ನಮ್ಮ ದೇಶದ ಸೊತ್ತು ಮಾತ್ರ ಅಂತ ಯಾರಾದರೂ ಅಂದುಕೊಂಡಿದ್ದರೆ ಈ ಎರಡು ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಫ್ಲೆಮಿಂಗ್‌ನೇ ತನ್ನ ಕಾದಂಬರಿಯಲ್ಲಿ ಇವರಿಬ್ಬರ ಸಂಬಂಧವನ್ನು ಸ್ಕಾಟ್ಲೆಂಡಿನ ಜಮೀನ್ದಾರನಿಗೂ ಅವನ ಬೇಟೆಯಾಳಿಗೂ ಇರುವ ಸಂಬಂಧಕ್ಕೆ ಹೋಲಿಸಿದ್ದಾನೆ. ಅವನ ಮಟ್ಟಿಗೆ ಅದು ಪ್ರೀತಿ. ನಮ್ಮ ಒಡೆಯರೂ ಹೀಗೇ ಹೇಳುತ್ತಿದ್ದರು: ನಮ್ಮ ಮನೆ ಜೀತದವನು ಮಗನಿದ್ದ ಹಾಗೆ.

ಖಳನಾಯಕ ಡಾಕ್ಟರ್ ನೋ ಯಾರು? ಜರ್ಮನ್ ಪಾದ್ರಿಗೂ ಚೀನಿ ಹೆಣ್ಣಿಗೂ ಹುಟ್ಟಿದ, ಯಾರಿಗೂ ಬೇಡವಾದ ಮಗ. ಭಾರಿ ವಿಜ್ಞಾನಿ. ಪೂರ್ವದವರನ್ನೂ ಪಶ್ಚಿಮದವರನ್ನೂ ಕೆಲಸ ಕೇಳಿದ, ಇಬ್ಬರೂ ಬೇಡ ಅಂದರು. ಬೆರಕೆ ರಕ್ತವೇ ಕೇಡಿನ ಮೂಲ ಅಂತ ಈ ಕಥೆ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕಟ್ಟಿರುವುದು ಆ ಭಯದ ಮೇಲೇ. ಕಾದಂಬರಿಯಲ್ಲಂತೂ ಚೀನಿ-ಕರಿಯ ಬೆರಕೆಯ ಜನ ಅವನ ಪಡೆ. ವರ್ಣಸಂಕರದಿಂದ ಲೋಕ ನಾಶ ಎಂಬ ಭಯ ಕುರುಕ್ಷೇತ್ರದಿಂದ ಕಿಂಗ್‌ಸ್ಟನ್ ತನಕ ಒಂದೇ.

4

ತೆರೆಯ ಮೇಲಿನ ಮಾತಾಯಿತು. ತೆರೆಯ ಹಿಂದೆ ಇದ್ದ ಮನುಷ್ಯರ ಚರಿತ್ರೆ ಇನ್ನೂ ಸೋಜಿಗದ್ದು.

ಬಾಂಡ್ ಆದ ಶಾನ್ ಕಾನರಿ ಯಾವ ಜಮೀನ್ದಾರನ ಮಗನೂ ಅಲ್ಲ. ಎಡಿನ್‌ಬರೋದ ಬಡವರ ಕೇರಿಯಲ್ಲಿ 1930ರಲ್ಲಿ ಹುಟ್ಟಿದವನು. ತಾಯಿ ಮನೆಗಳನ್ನು ಗುಡಿಸಿ ಒರೆಸುತ್ತಿದ್ದಳು. ಇವನು ಹಾಲು ಹಾಕಿದ, ಶವದ ಪೆಟ್ಟಿಗೆಗೆ ಪಾಲಿಷ್ ಹೊಡೆದ. ನಿರ್ದೇಶಕ ಟೆರೆನ್ಸ್ ಯಂಗ್ ಇವನನ್ನು ತನ್ನ ದರ್ಜಿಯ ಹತ್ತಿರ ಕರೆದೊಯ್ದು ಸೂಟು ಹೊಲಿಸಿ, ಹೇಗೆ ನಡೆಯಬೇಕು, ಹೇಗೆ ಊಟ ಮಾಡಬೇಕು ಅಂತ ಕಲಿಸಿ ‘ಜಂಟಲ್‌ಮನ್’ ಮಾಡಿದ. ನಿರ್ಮಾಪಕರಲ್ಲೊಬ್ಬನಾದ ಹ್ಯಾರಿ ಸಾಲ್ಟ್ಸ್‌ಮನ್ ಅದಕ್ಕೆ ಮುಂಚೆ ತೆಗೆದದ್ದು ಎಂಥ ಚಿತ್ರಗಳು ಗೊತ್ತೇ? 1959ರ ‘ಲುಕ್ ಬ್ಯಾಕ್ ಇನ್ ಆಂಗರ್’, 1960ರ ‘ಸಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’. ಇಂಗ್ಲೆಂಡಿನ ಕೆಳವರ್ಗದ ಯುವಕರ ಸಿಟ್ಟಿನ ಚಿತ್ರಗಳು, ಅಲ್ಲಿನ ಬಂಡಾಯದ ಚಿತ್ರಗಳು! ಕಾರ್ಖಾನೆಯ ಸಿಟ್ಟಿನ ಹುಡುಗನ ಮೈಕಟ್ಟನ್ನು ಹಾಗೇ ಎತ್ತಿ, ಸಿಟ್ಟನ್ನು ಮಾತ್ರ ತೆಗೆದು, ಅದಕ್ಕೆ ಸರ್ಕಾರದ ಪಿಸ್ತೂಲು ಕೊಟ್ಟರೆ ಬಾಂಡ್ ಆಗುತ್ತಾನೆ. ಬಾಂಡ್‌ನ ನಡಿಗೆಯಲ್ಲಿ ಜನ ಗುರುತಿಸಿದ್ದು ಆ ಹಾಲಿನ ಹುಡುಗನ ಮೈಯನ್ನೇ ಅಂತ ನಾವು ನಂಬುತ್ತೇವೆ.

ಕ್ವಾರೆಲ್ ಆದ ಜಾನ್ ಕಿಟ್ಸ್‌ಮಿಲ್ಲರ್ ಕಥೆ ಕೇಳಿ. 1913ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಹುಟ್ಟಿದವನು. ಯುದ್ಧಕ್ಕೆಂದು ಇಟಲಿಗೆ ಹೋಗಿ ಅಲ್ಲೇ ಉಳಿದು ನಟನಾದ. ಯುಗೊಸ್ಲಾವಿಯಾದ ‘ವ್ಯಾಲಿ ಆಫ್ ಪೀಸ್’ ಚಿತ್ರಕ್ಕೆ 1957ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟ ಪ್ರಶಸ್ತಿ ಪಡೆದ. ಆ ಪ್ರಶಸ್ತಿ ಗಳಿಸಿದ ಮೊದಲ ಕರಿಯ ಇವನು. ಐದು ವರ್ಷದ ಮೇಲೆ ಈ ನಟನಿಗೆ ಸಿಕ್ಕಿದ ಕೆಲಸ ಬೂಟು ಎತ್ತುವುದು. ಶಾನ್ ಕಾನರಿ ಆಗ ಹೆಸರಿಲ್ಲದವನು. ಜೊತೆಯಲ್ಲಿದ್ದ ಆಳು ಜಗತ್ತೇ ಒಪ್ಪಿದ ನಟ. ಕಿಟ್ಸ್‌ಮಿಲ್ಲರ್ 1965ರಲ್ಲಿ ರೋಮಿನಲ್ಲಿ ಸತ್ತ.

ಇಲ್ಲೊಂದು ಪಾಠ ಇದೆ, ವರ್ಗ ವರ್ಗ ಅಂತ ಮಾತ್ರ ಹೇಳುವ ಗೆಳೆಯರು ಗಮನಿಸಬೇಕು. ಹಾಲಿನ ಹುಡುಗನ ವರ್ಗವನ್ನು ಒಬ್ಬ ದರ್ಜಿ ಮೂರು ಅಳತೆಯಲ್ಲಿ ಮುಚ್ಚಿಬಿಟ್ಟ. ಕಿಟ್ಸ್‌ಮಿಲ್ಲರನ ಬಣ್ಣ ಮುಚ್ಚುವ ಸೂಟನ್ನು ಯಾವ ದರ್ಜಿಯೂ ಹೊಲಿಯಲಾರ. ಅತ್ತ ಚೀನಿ ಖಳನ ಪಾತ್ರಕ್ಕೆ ಜೋಸೆಫ್ ವೈಸ್‌ಮನ್ ಎಂಬ ಬಿಳಿಯ ನಟನ ಕಣ್ಣಿಗೆ ಬಣ್ಣ ಬಳಿದರು. ಬಿಳಿಯ ಚೀನಿ ಆಗಬಹುದು, ಬಡವ ಸಾಹೇಬ ಆಗಬಹುದು, ಕರಿಯ ಮಾತ್ರ ಆಳೇ. ವರ್ಗಕ್ಕಿಂತ ಆಚೆಗೆ ಜಾತಿ ಅಂತ ಒಂದಿದೆ ಎಂದು ಅಂಬೇಡ್ಕರರು ಹೇಳಿದ್ದಕ್ಕೆ ಲಂಡನ್ನಿನ ಸ್ಟುಡಿಯೋದಲ್ಲೂ ಸಾಕ್ಷಿ ಸಿಗುತ್ತದೆ.

5

ಬಾಂಡ್ ಬಂದಾಗಲೆಲ್ಲ ಬಾರಿಸುವ ಆ ಪ್ರಸಿದ್ಧ ರಾಗ ಇದೆಯಲ್ಲ, ಅದರ ಹುಟ್ಟು ಕೇಳಿದರೆ ಬೆರಗಾಗುತ್ತದೆ. ಮಾಂಟಿ ನಾರ್ಮನ್ ಎಂಬ ಸಂಗೀತಗಾರ ಅದನ್ನು ಮೊದಲು ಮಾಡಿದ್ದು ಬೇರೊಂದು ನಾಟಕಕ್ಕೆ. ವಿ. ಎಸ್. ನೈಪಾಲರ 1961ರ ಕಾದಂಬರಿ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಇದೆಯಲ್ಲ, ಅದನ್ನು ಗೀತನಾಟಕ ಮಾಡಬೇಕೆಂದು ಹೊರಟಿದ್ದರು. ಟ್ರಿನಿಡಾಡಿಗೆ ಹೋದ ಇಂಡಿಯನ್ ಕೂಲಿಗಳ ಸಂತಾನದ ಕಥೆ ಅದು. ಆ ದ್ವೀಪಕ್ಕೆ 1845ರಿಂದ 1917ರ ತನಕ 1,40,000ಕ್ಕೂ ಹೆಚ್ಚು ಜನ ಇಂಡಿಯಾದಿಂದ ಹೋದರು. ಅಲ್ಲಿನ ಬಿಸ್ವಾಸ್ ಎಂಬುವನಿಗೆ ಜೀವಮಾನವೆಲ್ಲ ಒಂದೇ ಆಸೆ, ತನ್ನದು ಅಂತ ಒಂದು ಸೂರು. ನಾಟಕ ನಿಂತುಹೋಯಿತು. ಅದರ ಒಂದು ಹಾಡಿನ ರಾಗ ಬಾಂಡ್‌ಗೆ ಬಂತು, ಜಾನ್ ಬ್ಯಾರಿ ಅದನ್ನು ಗಿಟಾರಿಗೆ ಅಳವಡಿಸಿದ. ಕೂಲಿಯ ಮೊಮ್ಮಗ ಸೂರಿಗಾಗಿ ಹಾಡಬೇಕಾಗಿದ್ದ ರಾಗದ ಮೇಲೆ ಬೇಹುಗಾರ ನಡೆದುಹೋದ.

ಇನ್ನೊಂದು, ಒಂದು ಚಿತ್ರಪಟದ ಕಥೆ. ಡಾಕ್ಟರ್ ನೋನ ನೆಲಮಾಳಿಗೆಯಲ್ಲಿ ಬಾಂಡ್ ಒಂದು ಪಟ ನೋಡಿ ಥಟ್ಟನೆ ನಿಲ್ಲುತ್ತಾನೆ. ಸ್ಪೇನಿನ ಗೋಯ ಬರೆದ ವೆಲ್ಲಿಂಗ್ಟನ್ ಡ್ಯೂಕನ ಪಟ. 1961ರ ಆಗಸ್ಟ್‌ನಲ್ಲಿ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಿಂದ ಕಳುವಾಗಿತ್ತು. ಕದ್ದವನು ಇವನೇ ಅಂತ ಒಂದು ತಮಾಷೆ, ಅಷ್ಟೆ. ಈ ವೆಲ್ಲಿಂಗ್ಟನ್ ನಮಗೆ ಗುರುತಿನವನೇ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದ ಆರ್ಥರ್ ವೆಲ್ಲೆಸ್ಲಿ. ಆ ಪಟ ದೇಶ ಬಿಟ್ಟು ಹೋಗದಂತೆ ಉಳಿಸಿಕೊಳ್ಳಲು 1,40,000 ಪೌಂಡು ಸುರಿದಿದ್ದರು. 1965ರಲ್ಲಿ ಕಳ್ಳ ನಾನೇ ಅಂತ ಪೊಲೀಸರಿಗೆ ಒಪ್ಪಿಸಿಕೊಂಡವನು ಕೆಂಪ್ಟನ್ ಬಂಟನ್, ನಿವೃತ್ತ ಬಸ್ ಡ್ರೈವರು. ಬಡ ಮುದುಕರು ಟೀವಿ ನೋಡಲೂ ಸರ್ಕಾರಕ್ಕೆ ದುಡ್ಡು ಕಟ್ಟಬೇಕಲ್ಲ, ಅದರ ವಿರುದ್ಧ ಅವನ ಜಗಳ. ಕಟ್ಟಿನ ಚೌಕಟ್ಟು ಕದ್ದದ್ದಕ್ಕೆ ಮಾತ್ರ ಮೂರು ತಿಂಗಳು ಸಜೆಯಾಯಿತು. ನಿಜವಾಗಿ ಕದ್ದವನು ಅವನ ಮಗ ಅಂತ 2012ರಲ್ಲಿ ಹೊರಬಂದ ಕಡತಗಳು ಹೇಳಿದವು. ಸಿನಿಮಾ ಕಂಡದ್ದು ಲೋಕ ಆಳಹೊರಟ ರಾಕ್ಷಸ ಖಳನನ್ನು. ನಿಜದಲ್ಲಿದ್ದದ್ದು ಮುದುಕರ ಪರ ನಿಂತ ಒಬ್ಬ ಡ್ರೈವರು. ಅಧಿಕಾರದ ಕಣ್ಣಿಗೆ ಬಡವನ ಪ್ರತಿಭಟನೆ ಯಾವತ್ತೂ ಹೀಗೇ ಕಾಣುವುದು.

ಡಾಕ್ಟರ್ ನೋ ತನ್ನ ಕಾರಸ್ಥಾನವನ್ನು ಮುಚ್ಚಿಡುವುದು ಬಾಕ್ಸೈಟ್ ಗಣಿಯ ಮರೆಯಲ್ಲಿ. ಇದೂ ಸುಮ್ಮನೆ ಬಂದದ್ದಲ್ಲ. 1957ರಿಂದ ಜಮೈಕಾ ಜಗತ್ತಿನಲ್ಲೇ ಅತಿ ಹೆಚ್ಚು ಬಾಕ್ಸೈಟ್ ತೆಗೆಯುವ ನಾಡಾಗಿತ್ತು. ಮಣ್ಣು ಜಮೈಕಾದ್ದು, ಗಣಿ ಅಮೆರಿಕ, ಕೆನಡಾದ ಕಂಪನಿಗಳದು. 1974ರಲ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ಆ ಕಂಪನಿಗಳ ಮೇಲೆ ಹೊಸ ತೆರಿಗೆ ಹಾಕಿದ. ಆಮೇಲೆ ದ್ವೀಪದಲ್ಲಿ ಗೂಢಚಾರರ ಮಾತೇ ಮಾತು. 1976ರಲ್ಲಿ ಅಮೆರಿಕದ ಸಿಐಎ ಬಿಟ್ಟುಬಂದಿದ್ದ ಫಿಲಿಪ್ ಏಗಿ ಜಮೈಕಾಕ್ಕೇ ಬಂದು ಅಲ್ಲಿ ಕೆಲಸ ಮಾಡುತ್ತಿದ್ದಾರೆನ್ನಲಾದ ಬೇಹುಗಾರರ ಹೆಸರುಗಳನ್ನು ಬಹಿರಂಗವಾಗಿ ಹೇಳಿದ. ಸಿನಿಮಾದಲ್ಲಿ ಗಣಿಯ ಮರೆಯ ಕೇಡನ್ನು ಗೂಢಚಾರಿ ನಾಶ ಮಾಡುತ್ತಾನೆ. ನಿಜದ ಗಣಿಗಳ ನಾಡಿನಲ್ಲಿ ಗೂಢಚಾರಿ ಯಾರ ಕಡೆಯವನು ಅನ್ನೋದೇ ಜನರ ಪ್ರಶ್ನೆಯಾಗಿತ್ತು.

6

ಮತ್ತೆ ಮೊದಲ ಪ್ರಶ್ನೆ. ಕ್ವಾರೆಲ್‌ನ ಜನ ಬಾಂಡ್‌ಗೆ ಯಾಕೆ ಶಿಳ್ಳೆ ಹೊಡೆದರು?

ಮಾರ್ಟಿನಿಕ್ ದ್ವೀಪದ ಕರಿಯ ವೈದ್ಯ ಫ್ರಾಂಜ್ ಫಾನನ್ 1952ರಲ್ಲೇ ಇದರ ಬಗ್ಗೆ ಬರೆದಿದ್ದ. ತನ್ನ ದ್ವೀಪದಲ್ಲಿ ಟಾರ್ಜನ್ ಚಿತ್ರ ನೋಡುವ ಕರಿಯ ಹುಡುಗ ಟಾರ್ಜನ್ ಕಡೆ ಸೇರಿಕೊಂಡು ಕಾಡಿನ ಕರಿಯರ ಮೇಲೆ ಗೆಲ್ಲುತ್ತಾನೆ. ಅದೇ ಹುಡುಗ ಯುರೋಪಿನ ಥಿಯೇಟರಿನಲ್ಲಿ ಕೂತರೆ ಸುತ್ತ ಇರುವ ಬಿಳಿಯರು ಇವನನ್ನು ತೆರೆಯ ಮೇಲಿನ ಕಾಡುಜನರ ಜೊತೆ ಸೇರಿಸಿ ನೋಡುತ್ತಾರೆ. ಕತ್ತಲೆಯಲ್ಲಿ ಎಲ್ಲರೂ ನಾಯಕರು. ದೀಪ ಹತ್ತಿದಾಗ ನಾವು ಯಾರು ಅಂತ ಪಕ್ಕದವನು ನೆನಪಿಸುತ್ತಾನೆ.

ಜಮೈಕಾದವರೇ ಇದಕ್ಕೆ ತಮ್ಮ ಉತ್ತರ ಕೊಟ್ಟರು. 1972ರಲ್ಲಿ ಪೆರಿ ಹೆನ್ಜೆಲ್ ‘ದಿ ಹಾರ್ಡರ್ ದೇ ಕಮ್’ ತೆಗೆದ. ಹಳ್ಳಿಯಿಂದ ಕಿಂಗ್‌ಸ್ಟನ್ನಿಗೆ ಬಂದ ಬಡ ಹುಡುಗ, ಹಾಡುಗಾರ ಜಿಮ್ಮಿ ಕ್ಲಿಫ್ ಮಾಡಿದ ಪಾತ್ರ. ಅವನು ಥಿಯೇಟರಿನಲ್ಲಿ ಕೂತು ಪಿಸ್ತೂಲಿನ ಸಿನಿಮಾ ನೋಡಿ ಮೈಮರೆಯುತ್ತಾನೆ. ಜನಜಂಗುಳಿ ಕಿರುಚುತ್ತದೆ. ಕೊನೆಗೆ ಇವನೇ ಪಿಸ್ತೂಲು ಹಿಡಿದು ನಿಜವಾದ ಪೊಲೀಸರ ಗುಂಡಿಗೆ ಎದುರಾಗುತ್ತಾನೆ. ಆ ಚಿತ್ರ ತನ್ನ ಜನರ ಆಸೆಯನ್ನು ಗೇಲಿ ಮಾಡಲಿಲ್ಲ. ಆಸೆಯ ಕೊನೆ ಎಲ್ಲಿಗೆ ಮುಟ್ಟುತ್ತದೆ ಅಂತ ತೋರಿಸಿತು. ಅದರಲ್ಲಿ ಜನ ಆಡುವುದು ಸಾಹೇಬರ ಇಂಗ್ಲಿಷಲ್ಲ, ತಮ್ಮ ಬೀದಿಯ ಮಾತು. ಕ್ವಾರೆಲ್‌ನ ಮಕ್ಕಳು ಮೊದಲ ಸಲ ದೋಣಿ ಬಿಟ್ಟು ಕ್ಯಾಮೆರಾದ ನಡುವೆ ಬಂದು ನಿಂತರು.

ನಮ್ಮಲ್ಲೂ ಆ ಅಲೆ ಬಂತು. 1968ರಲ್ಲಿ ದೊರೆ-ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆದರು, ರಾಜ್‌ಕುಮಾರ್ ಸಿಐಡಿ 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಗಾಜನೂರಿನಿಂದ ಬಂದ, ಶಾಲೆ ಹೆಚ್ಚು ಕಾಣದ ಶೂದ್ರನೊಬ್ಬ ಕೋಟು ಹಾಕಿಕೊಂಡು, ಪಿಸ್ತೂಲು ಹಿಡಿದು, ಅಚ್ಚ ಕನ್ನಡದಲ್ಲಿ ಮಾತಾಡುವುದನ್ನು ಜನ ನೋಡಿದರು. ಅದು ಬಾಂಡ್‌ನ ನಕಲು ಹೌದು. ಆದರೆ ಕೋಟು ಯಾರಪ್ಪನ ಸೊತ್ತೂ ಅಲ್ಲ ಎಂಬ ಒಂದು ಸಂಗತಿ ಆ ನಕಲಿನಲ್ಲಿ ಗಾಂಧಿ ಕ್ಲಾಸಿಗೆ ತಲುಪಿತು. ಅಂಬೇಡ್ಕರರು ಕೋಟು ಟೈ ಹಾಕಿಕೊಂಡು ನಿಂತ ಫೋಟೋವನ್ನು ಗುಡಿಸಲಿನ ಗೋಡೆಗೆ ಹಾಕಿಕೊಂಡ ಜನಕ್ಕೆ ಈ ಆಸೆಯ ಅರ್ಥ ಚೆನ್ನಾಗಿ ಗೊತ್ತು. ವ್ಯತ್ಯಾಸ ಇಷ್ಟೆ: ಒಂದು ಕೋಟಿನ ಬೂಟು ಎತ್ತಲು ಇನ್ನೊಬ್ಬ ಬೇಕು. ಇನ್ನೊಂದು ಕೋಟು ತೊಟ್ಟವರು ಬೂಟು ಎತ್ತುವ ಪದ್ಧತಿಯೇ ಅಳಿಯಲಿ ಅಂತ ಜೀವ ತೇದರು.

ಆದ್ದರಿಂದ ಹಳ್ಳಿಯ ಮೇಷ್ಟರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಾವು ಹೇಳುವುದು ಇದು. ಹುಡುಗರು ಸಿನಿಮಾ ನೋಡುವುದನ್ನು ಬಯ್ಯಬೇಡಿ. ಅವರ ಶಿಳ್ಳೆಯಲ್ಲಿ ತಲೆಯೆತ್ತಿ ಹೆಸರು ಹೇಳಿಕೊಳ್ಳುವ ಹಸಿವಿದೆ, ಬಾಗಿಲು ತಳ್ಳಿ ಒಳಗೆ ಹೋಗುವ ಹಸಿವಿದೆ. ಆ ಹಸಿವು ನ್ಯಾಯವಾದದ್ದು. ಅವರ ಜೊತೆಯಲ್ಲೇ ಕೂತು ನೋಡಿ. ನೋಡಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: ಈ ಕಥೆಯಲ್ಲಿ ಬೂಟು ಎತ್ತಿಕೊಂಡು ಬಂದವನು ಯಾರು, ಅವನ ಹೆಸರೇನು, ಅವನಿಗೆ ಏನಾಯಿತು? ಉತ್ತರ ಹುಡುಕಲು ಹೊರಟ ಹುಡುಗನಿಗೆ ಚರಿತ್ರೆಯ ಪಾಠವನ್ನು ಬೇರೆ ಮಾಡಬೇಕಾಗುವುದಿಲ್ಲ.